ಬೀಗ ಹಾಕಿದ ಕೋಣೆ ಲೆಕ್ಕಕ್ಕಿಲ್ಲ

ನಮ್ಮೂರಿನ ಮನೆಗಳನ್ನು ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗೋಡೆ ನಿಂತಲ್ಲೇ ನಿಂತಿರುತ್ತದೆ, ಹೆಂಚು ಒಂದೂ ಹೆಚ್ಚಾಗುವುದಿಲ್ಲ, ಜಗಲಿ ಅಜ್ಜಂದಿರ ಕಾಲದಲ್ಲಿ ಎಷ್ಟಿತ್ತೋ ಅಷ್ಟೇ. ಹಿಗ್ಗುವುದು ಕುಗ್ಗುವುದು ಎಲ್ಲ ಒಳಗೆ. ಎದುರುಮನೆ ಸಾವಂತ್ರಿಯ ಮಗ ಕೊನೆಗೂ ಪರೀಕ್ಷೆ ಪಾಸಾದ ವರ್ಷ ಅವಳ ಅಡುಗೆಮನೆ ಎಷ್ಟು ಹಿಗ್ಗಿತೆಂದರೆ, ಒಲೆಯ ಮುಂದೆ ನಿಂತು ಕೈ ಚಾಚಿದರೆ ಉಪ್ಪಿನ ಡಬ್ಬಿ ಸಿಗುತ್ತಿರಲಿಲ್ಲ. ನಡೆದು ಹೋಗಿ ತರುವಷ್ಟರಲ್ಲಿ ಒಗ್ಗರಣೆ ಸೀದುಹೋಗುತ್ತಿತ್ತು. ಅದನ್ನೇ ಊರೆಲ್ಲ ಹೇಳಿಕೊಂಡು ಮೆರೆದಳು ಮಹರಾಯ್ತಿ. ಇಲ್ಲಿ ಯಾರೂ ದೊಡ್ಡ ಚಾಪೆ ಕೊಳ್ಳುವುದಿಲ್ಲ. ಚಿಕ್ಕವು ಎರಡು ತಂದು ಒಂದರ ಮೇಲೊಂದು ಹಾಸಿ, ಜಾಗ ಹಿಗ್ಗಿದ ಹಾಗೆ ಎಳೆದುಕೊಳ್ಳುತ್ತಾರೆ. ಪರದೆಯ ಬಟ್ಟೆಯನ್ನು ಒಂದು ಮೊಳ ಒಳಗೆ ಮಡಿಸಿಯೇ ಹೊಲಿಯುತ್ತಾರೆ. ಹೆಣ್ಣು ನೋಡಲು ಬಂದವರು ಕಾಲು ಜೋಮು ಹಿಡಿದಿದೆ ಎಂದು ನೆಪ ಹೇಳಿ ನಡುಮನೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಅಡ್ಡಾಡುತ್ತಾರೆ. ಎಷ್ಟು ಅಗಲ ಇದೆ ಅಂತ ನೋಡುತ್ತಿದ್ದಾರೆ ಎನ್ನುವುದು ಕಾಫಿ ತರುವ ಹುಡುಗಿಗೂ ಗೊತ್ತು.

ನಾನು ಈ ಊರಿಗೆ ಸೊಸೆಯಾಗಿ ಬರುವುದಕ್ಕೂ ಮೊದಲು ಬಾವಿಕೇರಿಯಲ್ಲಿ ಒಂದು ಮನೆ ಮುಚ್ಚಿಕೊಂಡಿತಂತೆ. ಗಂಡ ಹೆಂಡತಿ ಇಬ್ಬರೂ ಒಳಗೇ ಇದ್ದರು. ಗೋಡೆಗೆ ಗೋಡೆ ಕೂಡುವ ಹೊತ್ತಿಗೆ ಜನ ಹೆಂಚು ಕಿತ್ತು, ಹಗ್ಗ ಬಿಟ್ಟು, ಅವರನ್ನು ಮೇಲಕ್ಕೆಳೆದುಕೊಂಡರು. ಅಂದಿನಿಂದ ನಿಯಮ: ಒಬ್ಬರಿಗೆ ನೂರು ಚದರಡಿ, ವರ್ಷಕ್ಕೊಂದು ಸಲ ಅಳತೆ. ಕಡಿಮೆ ಬಿದ್ದರೆ ಆ ಮನೆಯಿಂದ ಒಬ್ಬರು ಎದ್ದು, ಜಾಗ ಮಿಕ್ಕಿರುವ ಇನ್ನೊಂದು ಮನೆಗೆ ಹೋಗಿ ಇರಬೇಕು. ಅದೇನು ಶಿಕ್ಷೆಯಲ್ಲ, ಜೀವ ಉಳಿಸಿಕೊಳ್ಳುವ ದಾರಿ ಅಷ್ಟೆ. ಆದರೂ ಟ್ರಂಕು ಹಿಡಿದು ಬೀದಿಯಲ್ಲಿ ಹೋಗುವವರ ಮುಖ ನೋಡಲಾಗುವುದಿಲ್ಲ.

ಯಾವುದು ಲೆಕ್ಕ, ಯಾವುದು ಲೆಕ್ಕವಲ್ಲ ಅನ್ನುವುದರ ಮೇಲೆ ನಾನು ಪ್ರತಿ ವರ್ಷ ಅಳತೆಯ ದೊರೆರಾಜುವಿನ ಜೊತೆ ಜಗಳ ತೆಗೆದವಳು. ಜಗಲಿ ಲೆಕ್ಕಕ್ಕಿಲ್ಲ, ಅದು ಬೀದಿಯದು. ಗೋಡೆಯ ದಪ್ಪ ಇಲ್ಲ, ಮೆಟ್ಟಿಲು ಇಲ್ಲ, ತಲೆ ತಾಗುವ ಅಟ್ಟ ಇಲ್ಲ. ಬಚ್ಚಲು ಯಾಕಿಲ್ಲ ಎಂದು ಕೇಳಿದರೆ "ಅಲ್ಲಿ ಯಾರು ಸಂಸಾರ ಮಾಡ್ತಾರೆ ತುಂಗಕ್ಕ?" ಅನ್ನುತ್ತಾನೆ. "ನಿನ್ನ ಹೆಂಡ್ತಿನ ಕೇಳು, ಎರಡು ಗಳಿಗೆ ನೆಮ್ಮದಿಯಾಗಿ ಇರೋದು ಅವಳು ಅಲ್ಲೇ" ಅಂತ ನಾನೂ ಬಿಡುತ್ತಿರಲಿಲ್ಲ. ದೇವರ ಮನೆಯಲ್ಲಿ ಅರ್ಧ ದೇವರಿಗೆ, ಅರ್ಧ ನಮಗೆ. ಬೀಗ ಹಾಕಿದ ಕೋಣೆ ಮಾತ್ರ ಯಾರು ಏನೇ ಹೇಳಲಿ ಲೆಕ್ಕಕ್ಕಿಲ್ಲ. ಇನ್ನು ಟೇಪಿನ ಎರಡು ತುದಿಯನ್ನೂ ಮನೆಯವರೇ ಹಿಡಿಯಬೇಕು. ಒಬ್ಬರು ಸುರುಳಿ ಹಿಡಿದು ಬಾಗಿಲಲ್ಲಿ ನಿಲ್ಲಬೇಕು, ಇನ್ನೊಬ್ಬರು ತುದಿ ಹಿಡಿದು ಹೋಗಿ ಎದುರು ಗೋಡೆ ಮುಟ್ಟಬೇಕು. ಮುಟ್ಟುವ ತನಕ ಬಾಗಿಲಲ್ಲಿದ್ದವರು ಹೊಸಿಲು ದಾಟುವಂತಿಲ್ಲ. ದೊರೆರಾಜು ಓದಿ ಹೇಳುತ್ತಾನೆ ಅಷ್ಟೆ.

ನಮ್ಮ ಮನೆಯಲ್ಲಿ ಟೇಪು ಹಿಡಿಯುತ್ತಿದ್ದವರು ನಾನು ಮತ್ತು ನನ್ನ ಓರಗಿತ್ತಿ ಚನ್ನಾಜಿ. ನನ್ನ ಗಂಡ ಹಿರಿಯ, ಅವಳ ಗಂಡ ಕಿರಿಯ. ಇಬ್ಬರೂ ಬೇಗನೇ ಹೋಗಿಬಿಟ್ಟರು. ನನಗೆ ಮಕ್ಕಳಾಗಲಿಲ್ಲ. ಅವಳಿಗೆ ಒಬ್ಬಳೇ ಮಗಳು, ಕುಮುದ. ನಾವಿಬ್ಬರೂ ಹಪ್ಪಳ ಲಟ್ಟಿಸಿ ಮಾರಿ ಬದುಕಿದವರು. ಹಿಟ್ಟು ಹದವಾಗಿಲ್ಲ, ಇಂಗು ಹೆಚ್ಚಾಯಿತು, ನೀನು ಹಾಗಂದೆ, ನಾನೆಲ್ಲಿ ಅಂದೆ — ಬೆಳಗಿನಿಂದ ಬೈಗಿನ ತನಕ ನಮ್ಮ ಬಾಯಿಗೆ ಬಿಡುವಿರಲಿಲ್ಲ. ಮಧ್ಯೆ ಕುಮುದ ಕೂತು "ದೊಡ್ಡಮ್ಮ ಗೆದ್ದಳು, ಈಗ ಅಮ್ಮನ ಸರದಿ" ಅಂತ ಪಂಚಾಯ್ತಿ ಮಾಡುತ್ತಿದ್ದಳು. ಹತ್ತೊಂಬತ್ತು ತುಂಬುವ ಮೊದಲೇ ಒಂದು ಜ್ವರ ಬಂತು. ವಾರ ಕಳೆಯುವುದರೊಳಗೆ ಹುಡುಗಿ ಇಲ್ಲ.

ಹದಿಮೂರನೆಯ ದಿನ ಮುಗಿದ ಮೇಲೆ ಚನ್ನಾಜಿ ಕುಮುದಳ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಂದಿನಿಂದ ನಮ್ಮ ಜಗಳವೂ ನಿಂತಿತು. "ಅಕ್ಕ, ಕಾಫಿ ಕುಡೀತೀಯಾ?" "ಕೊಡಮ್ಮ." "ಅಕ್ಕ, ಉಪ್ಪು ಸರಿ ಇದೆಯಾ?" "ಇದೆಯಮ್ಮ." ಓರಗಿತ್ತಿಯರೆಂದರೆ ಹೀಗಿರಬೇಕು ಅಂತ ಸಾವಂತ್ರಿ ನಮ್ಮನ್ನು ತೋರಿಸಿ ಸೊಸೆಗೆ ಬುದ್ಧಿ ಹೇಳುತ್ತಿದ್ದಳು. ನನಗೋ ಉಸಿರು ಕಟ್ಟುತ್ತಿತ್ತು. ನಮ್ಮ ಮನೆಯೂ ಕುಗ್ಗುತ್ತ ಬಂತು. ಚನ್ನಾಜಿ ನಡುಮನೆಯಲ್ಲಿ ಮಲಗುತ್ತಿದ್ದಳು. ಕುಮುದಳ ಕೋಣೆಯ ಪಕ್ಕದ್ದೇ ನನ್ನ ಕೋಣೆ; ಅದು ಎಷ್ಟು ಚಿಕ್ಕದಾಯಿತೆಂದರೆ ರಾತ್ರಿ ಮಗ್ಗುಲು ಬದಲಿಸಿದರೆ ಮೊಣಕೈ ಗೋಡೆಗೆ ಬಡಿಯುತ್ತಿತ್ತು.

ಅಳತೆಯ ಹೊತ್ತಿಗೆ ಮನೆಯಲ್ಲಿ ಜನ ಎಷ್ಟು ಅಂತ ಕೇಳುತ್ತಾರೆ. ಮನೆಯವರು ಹೇಳಿದ್ದೇ ಕೊನೆ, ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಬಸುರಿ ತನ್ನ ಹೊಟ್ಟೆಯನ್ನೂ ಸೇರಿಸಿ ಹೇಳಬಹುದು. ಓಡಿಹೋದ ಗಂಡ ಬಂದೇ ಬರುತ್ತಾನೆ ಅನ್ನುವವಳು ಅವನನ್ನೂ ಸೇರಿಸಿಕೊಳ್ಳಬಹುದು. ಚನ್ನಾಜಿ ಪ್ರತಿ ವರ್ಷ "ಮೂರು" ಎನ್ನುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ; ನನ್ನ ಬಾಯಿಯ ಪರಿಚಯ ಇದ್ದವರಿಗೆ ಅದೇ ದೊಡ್ಡ ಆಶ್ಚರ್ಯ. ಸಾವಾದ ಮನೆಗೆ ಮೂರು ವರ್ಷ ವಿನಾಯಿತಿ ಇದೆ. ಹಾಗಾಗಿ ಜಾಗ ಕಡಿಮೆ ಬಿದ್ದರೂ ಯಾರೂ ನಮ್ಮನ್ನು ಎಬ್ಬಿಸಿರಲಿಲ್ಲ. ಈ ವರ್ಷಕ್ಕೆ ಆ ಮೂರು ವರ್ಷ ಮುಗಿದಿತ್ತು.

ಅಳತೆಯ ಹಿಂದಿನ ದಿನ ಹಪ್ಪಳ ಒಣಗಿಸುತ್ತ ನಾನೇ ಮಾತು ತೆಗೆದೆ.

"ಚನ್ನಾಜಿ, ಆ ಕೋಣೆ ತೆಗಿ. ಅದು ಲೆಕ್ಕಕ್ಕೆ ಬಂದ್ರೆ ಸಾಕು, ಯಾರೂ ಎಲ್ಲಿಗೂ ಹೋಗೋದು ಬೇಡ."

"ಆಗಲ್ಲ ಅಕ್ಕ. ಅವಳು ಬಿಟ್ಟು ಹೋದ ಹಾಗೇ ಇದೆ ಅದು. ತೆಗೆದ್ರೆ ಬದಲಾಗುತ್ತೆ."

"ಹಾಗಾದ್ರೆ ನಾಳೆ ಇಬ್ಬರು ಅಂತ ಹೇಳು."

ಅವಳು ಹಪ್ಪಳ ಕೈಯಲ್ಲಿ ಹಿಡಿದು ಹಾಗೇ ನಿಂತಳು. "ನಿನ್ನ ಬಾಯಲ್ಲಿ ಅದು ಹೇಗೆ ಬಂತು ಅಕ್ಕ?" ಎಂದಳು. ಕೂಗಲಿಲ್ಲ, ಅಳಲಿಲ್ಲ. ಕೂಗಿದ್ದರೆ ನಾನೂ ಎರಡು ಮಾತು ಕೂಗಿ ಹಗುರಾಗುತ್ತಿದ್ದೆ. ಕೋಪ ನೆತ್ತಿಗೇರಿತು. ಒಳಗೆ ಹೋಗಿ ನಾಲ್ಕು ಸೀರೆ, ಗಂಡನ ಫೋಟೊ, ನನ್ನ ಲಟ್ಟಣಿಗೆ, ಎಲ್ಲ ಟ್ರಂಕಿಗೆ ತುರುಕಿ ಬಾಗಿಲ ಪಕ್ಕ ತಂದಿಟ್ಟೆ. ಎಣ್ಣೆಗಾಣದ ತಿಪ್ಪಣ್ಣನ ಮನೆಯಲ್ಲಿ ಜಾಗ ಮಿಕ್ಕಿದೆ ಎಂದು ಕೇಳಿದ್ದೆ. ಹೋಗುತ್ತೇನೆ, ಅವಳು ಬೀಗ ಕಾಯ್ದುಕೊಂಡು ಇರಲಿ ಅಂತ. ಆದರೆ ನಿಜ ಹೇಳುತ್ತೇನೆ, ಅವಳನ್ನು ಬಿಟ್ಟು ಬೇರೆ ಯಾರ ಮನೆಯಲ್ಲೋ ಅನ್ನ ತಿನ್ನುವುದನ್ನು ನೆನೆದರೆ ನನ್ನ ಎದೆ ಒಡೆದುಹೋಗುತ್ತಿತ್ತು.

ಮಾರನೆಯ ದಿನ ಊಟದ ಹೊತ್ತು ಕಳೆದ ಮೇಲೆ ದೊರೆರಾಜು ಬಂದ. ನಡುಮನೆ ಹನ್ನೆರಡಕ್ಕೆ ಹತ್ತು. ಅಡುಗೆಮನೆ ಒಂಬತ್ತಕ್ಕೆ ಎಂಟು. ನನ್ನ ಕೋಣೆ ಆರಕ್ಕೆ ಐದು. ಅದನ್ನು ಓದುವಾಗ ಅವನು ನನ್ನ ಮುಖ ನೋಡಲಿಲ್ಲ. ದೇವರ ಮನೆಯ ಅರ್ಧ ಸೇರಿಸಿ ಇನ್ನೂರ ಮೂವತ್ತೆರಡು ಎಂದ.

"ಜನ?"

"ಮೂರು" ಎಂದಳು ಚನ್ನಾಜಿ.

ದೊರೆರಾಜು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡ. "ಈ ಸಲ ವಿನಾಯಿತಿ ಇಲ್ಲವಲ್ಲ ಚನ್ನಾಜಮ್ಮ. ಇನ್ನೂರ ಮೂವತ್ತೆರಡರಲ್ಲಿ ಮೂವರು ಅಂದ್ರೆ ಮನೆ ಮುಚ್ಕೊಳ್ಳುತ್ತೆ. ನನ್ನ ಕೈಲಿ ಏನೂ ಇಲ್ಲ. ಯಾರು ಹೋಗ್ತೀರಿ?"

"ನಾನು" ಎಂದು ಟ್ರಂಕಿನ ಹಿಡಿಗೆ ಕೈ ಹಾಕಿದೆ.

ಚನ್ನಾಜಿ ಟ್ರಂಕನ್ನು ಅದುವರೆಗೆ ನೋಡಿಯೇ ಇರಲಿಲ್ಲವೇನೋ. ನೋಡಿದಳು. ನನ್ನನ್ನು ನೋಡಿದಳು. ಸೊಂಟಕ್ಕೆ ಕೈ ಹೋಯಿತು. "ತಡಿ ಅಕ್ಕ" ಎಂದಳು. ನೇರ ಹೋಗಿ ಬೀಗಕ್ಕೆ ಕೀಲಿ ಹಾಕಿದಳು. ತುಕ್ಕು ಹಿಡಿದ ಬೀಗ. ಕೀಲಿ ತಿರುಗಲೊಲ್ಲದು. ನಾನೇ ಹೋಗಿ ಅವಳ ಕೈಯ ಮೇಲೆ ಕೈಯಿಟ್ಟು ತಿರುಗಿಸಿದೆ.

ಬಾಗಿಲು ತೆರೆಯಿತು. ಅಯ್ಯೋ ನನ್ನಪ್ಪ! ಒಂಬತ್ತಕ್ಕೆ ಹತ್ತು ಇದ್ದ ಕೋಣೆ ಅದು. ಕುಮುದ ಮಂಚದಲ್ಲಿ ಕೂತೇ ಕಿಟಕಿ ಹಾಕುತ್ತಿದ್ದಳು, ಎದ್ದೇಳದೆ ದೀಪ ಆರಿಸುತ್ತಿದ್ದಳು. ಈಗ ಬಾಗಿಲ ಆಚೆ ನೆಲ ಶುರುವಾಗಿ ಹೋಗುತ್ತಲೇ ಇತ್ತು. ಅದೇ ಕೆಂಪು ನೆಲ, ಅದೇ ನಡುವಿನ ಕಪ್ಪು ಗೆರೆ, ಆದರೆ ಸಂತೆ ಮೈದಾನದಷ್ಟು, ಅಲ್ಲ, ಅದಕ್ಕಿಂತ ದೊಡ್ಡದು. ತಲೆಯೆತ್ತಿ ನೋಡಿದರೆ ತೊಲೆಗಳು ಎಲ್ಲೋ ಮೇಲೆ, ಮಬ್ಬಿನಲ್ಲಿ. ದೂರದಲ್ಲಿ ಒಂದು ಚೂರು ಬೆಳಕು. ಕಿಟಕಿ ಅಂತ ಗೊತ್ತಾಗಲು ಹೊತ್ತು ಹಿಡಿಯಿತು. ಅದರ ಕೆಳಗೆ ಬೆಂಕಿಪೊಟ್ಟಣದಷ್ಟು ಕಾಣುವ ಮಂಚ. ಎಲ್ಲೂ ಒಂದು ಚಿಟಿಕೆ ಧೂಳಿಲ್ಲ. ತಂಪಾದ ಗಾಳಿ ಮುಖಕ್ಕೆ ಬಂತು, ಅದರಲ್ಲಿ ಅವಳ ಪೌಡರಿನ ವಾಸನೆ ಇತ್ತು. ಮೂರು ವರ್ಷ ಈ ಗೋಡೆಯ ಪಕ್ಕದಲ್ಲೇ ನಾನು ಮೊಣಕೈ ಬಡಿಸಿಕೊಂಡು ಮಲಗಿದ್ದೆ. ಆಚೆ ಇಷ್ಟೊಂದು ಜಾಗ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ದೊರೆರಾಜು ಚಪ್ಪಲಿಯನ್ನು ಜಗಲಿಯಲ್ಲೇ ಬಿಟ್ಟು ಬಂದಿದ್ದ. ಆದರೂ ಕಾಲು ನೋಡಿಕೊಂಡ, ಆಮೇಲೆ ತಲೆಗೆ ಸುತ್ತಿದ್ದ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಇಂಥದ್ದು ನಾನು ಕಂಡೇ ಇಲ್ಲ" ಎಂದ ಪಿಸುಮಾತಿನಲ್ಲಿ.

"ಇದು ಲೆಕ್ಕಕ್ಕೆ ಬರುತ್ತೋ ಇಲ್ವೋ?" ಎಂದೆ. ನನ್ನ ದನಿಯೂ ಇಳಿದಿತ್ತು.

"ಗೋಡೆ ಮುಟ್ಟಿದ್ರೆ ಬರುತ್ತೆ. ಮುಟ್ಟಲಿಲ್ಲ ಅಂದ್ರೆ ಇಲ್ಲ."

ಚನ್ನಾಜಿ ಟೇಪಿನ ತುದಿ ಹಿಡಿದು ಒಳಗೆ ಕಾಲಿಟ್ಟಳು. ನಾನು ಸುರುಳಿ ಹಿಡಿದು ಹೊಸಿಲಲ್ಲಿ ನಿಂತೆ. ಅವಳು ಹೋದಳು, ಹೋದಳು. ಸುರುಳಿ ನನ್ನ ಕೈಯಲ್ಲಿ ಗಿರಗಿರ ತಿರುಗಿ ಬಿಚ್ಚಿಕೊಳ್ಳುತ್ತಿತ್ತು. ಅವಳ ಹಸಿರು ಸೀರೆ ಚಿಕ್ಕದಾಗುತ್ತ ಬಂತು, ಅವಳು ಹೆಜ್ಜೆಯಿಟ್ಟು ಎಷ್ಟೋ ಹೊತ್ತಾದ ಮೇಲೆ ಅದರ ಸದ್ದು ನಮ್ಮ ಬಳಿ ಬರುತ್ತಿತ್ತು. ಮಂಚ ಮಾತ್ರ ಅಷ್ಟೇ ದೂರದಲ್ಲಿ ಇತ್ತು, ಅವಳು ಒಂದು ಹೆಜ್ಜೆ ಹೋದರೆ ಅದೂ ಒಂದು ಹೆಜ್ಜೆ ಹೋಗುವ ಹಾಗೆ. ಕೊನೆಗೆ ಟೇಪು ಮುಗಿದು ಜಗ್ಗಿ ನಿಂತಿತು. ಅಷ್ಟು ದೂರದಲ್ಲಿ ಅವಳೂ ನಿಂತಳು.

"ಚನ್ನಾಜೀ!" ಎಂದು ಕೂಗಿದೆ. ಕೂಗು ಹೋಗಿ, ಯಾವುದಕ್ಕೂ ತಾಗದೆ, ಅಲ್ಲೇ ಎಲ್ಲೋ ಮುಗಿದುಹೋಯಿತು. ಅವಳು ತಿರುಗಲಿಲ್ಲ. ಮುಂದಕ್ಕೂ ಹೋಗಲಿಲ್ಲ. ನೆಲದ ಮೇಲೆ ಕುಕ್ಕರಿಸಿದಳು.

ನಾನು ಹೊಸಿಲು ದಾಟಿದೆ.

"ತುಂಗಕ್ಕ, ಅಳತೆ ಕೆಟ್ಟುಹೋಗುತ್ತೆ!" ಎಂದ ದೊರೆರಾಜು.

"ನಿನ್ನ ಅಳತೆಗೆ ಬೆಂಕಿ ಹಾಕ" ಎಂದು ನಡೆದೆ. ಅಷ್ಟು ದೊಡ್ಡ ಜಾಗದಲ್ಲಿ ನಾನು ಹುಟ್ಟಿದಾರಭ್ಯ ನಡೆದವಳಲ್ಲ. ಕೈ ಮುಗಿಯಬೇಕು ಅನ್ನಿಸುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಒಬ್ಬ ಹೆಂಗಸು ಬಾಯಿ ಬಿಡದೆ ಸೊಂಟದಲ್ಲಿ ಕೀಲಿ ಇಟ್ಟುಕೊಂಡು ಹಪ್ಪಳ ಲಟ್ಟಿಸುತ್ತಿದ್ದಳಲ್ಲ, ಅಷ್ಟು ದಿನವೂ ಇದು ಇವಳೊಬ್ಬಳ ಪಾಲಿಗೆ ಬೆಳೆಯುತ್ತಿತ್ತಲ್ಲ ಎಂದು ನೆನೆದು ಕಣ್ಣಲ್ಲಿ ನೀರು ಬಂತು. ಹತ್ತಿರ ಹೋದಾಗ ಅವಳು ತಲೆಯೆತ್ತಿದಳು.

"ಹೋಗೋಕಾಗ್ತಿಲ್ಲ ಅಕ್ಕ. ಎಷ್ಟು ನಡೆದ್ರೂ ಅವಳ ಮಂಚ ಅಲ್ಲೇ ಇದೆ."

"ಒಬ್ಬಳೇ ಹೋಗು ಅಂತ ಯಾರು ಹೇಳಿದ್ರು ನಿಂಗೆ?" ಎಂದೆ. "ಅವಳಿಗೆ ಜಡೆ ಹಾಕಿದ್ದು ನಾನು. ಜ್ವರದಲ್ಲಿ ತಲೆಗೆ ಒದ್ದೆ ಬಟ್ಟೆ ಇಟ್ಟಿದ್ದು ನಾನು. ಹೆತ್ತಿಲ್ಲ ಅಷ್ಟೆ. ಮೂರು ವರ್ಷದಿಂದ ನನ್ನನ್ನ ಬಾಗಿಲಾಚೆ ನಿಲ್ಲಿಸಿ ನೀನೊಬ್ಬಳೇ ಇಲ್ಲಿ ಅಲೀತಾ ಇದೀಯಾ? ಏಳು ಮೇಲೆ!"

ಅವಳ ಕೈ ಹಿಡಿದೆಳೆದು ಎಬ್ಬಿಸಿದೆ. ಇಬ್ಬರೂ ನಡೆದೆವು. ಮಂಚ ಅಲ್ಲೇ. ನನಗೆ ರೇಗಿಹೋಯಿತು, ಯಾರ ಮೇಲೆ ರೇಗಬೇಕೆಂದು ತಿಳಿಯದೆ ಆ ಹುಡುಗಿಯ ಮೇಲೇ ರೇಗಿದೆ.

"ನೋಡು, ಈಗಲೂ ಆಟ ಆಡಿಸ್ತಾಳೆ. ಮೊದಲಿಂದಲೂ ಹಾಗೇ ಅವಳು. ಕರೆದ್ರೆ ಒಂದೇ ಸಲಕ್ಕೆ ಬಂದದ್ದುಂಟಾ? ಊಟಕ್ಕೆ ಬಾರೇ ಅಂತ ಕೂಗಿ ಕೂಗಿ ನನ್ನ ಗಂಟಲು ಹರಿದುಹೋಗ್ತಿತ್ತು."

ಚನ್ನಾಜಿಗೆ ಗಾಬರಿಯಾಯಿತು. ಸತ್ತವಳನ್ನು ಮೂರು ವರ್ಷದಲ್ಲಿ ಯಾರೂ ಬೈದಿರಲಿಲ್ಲ. ಬಂದವರೆಲ್ಲ ಚಿನ್ನದಂಥ ಹುಡುಗಿ, ದೇವತೆಯಂಥ ಹುಡುಗಿ ಅಂದು ಹೋಗಿದ್ದರು. ನಾನು ನಿಲ್ಲಿಸಲಿಲ್ಲ. "ಒದ್ದೆ ತಲೆಯಲ್ಲೇ ದಿಂಬಿನ ಮೇಲೆ ಬೀಳ್ತಿದ್ಲು. ಹುಣಸೆಹಣ್ಣು ಕದ್ದು ತಿಂದು ಬೆಕ್ಕಿನ ಮೇಲೆ ಹಾಕ್ತಿದ್ಲು. ಯಾವ ಬೆಕ್ಕು ಹುಣಸೆಹಣ್ಣು ತಿನ್ನುತ್ತೆ? ಸುಳ್ಳುಬುರುಕಿ!"

ಚನ್ನಾಜಿಯ ಬಾಯಿಂದ ಒಂದು ಸದ್ದು ಬಂತು. ಅಳು ಅಂದುಕೊಂಡೆ. ನಗು. "ನನ್ನ ಬಳೆ ಹಾಕ್ಕೊಂಡು ಹೋಗಿ ಒಡ್ಕೊಂಡು ಬಂದು, ಮತ್ತೆ ಜೋಡಿಸಿ ಡಬ್ಬಿಯೊಳಗೆ ಇಟ್ಟಿದ್ಲು ಅಕ್ಕ, ಹಾಗೇ ಇರೋ ಹಾಗೆ. ನಾನು ಎತ್ತಿದ್ರೆ ಚೂರು ಚೂರು."

"ಅದು ನಂಗೆ ಹೇಳೇ ಇಲ್ಲ ನೀನು!"

"ಹೇಳಿದ್ರೆ ನೀನು ಅವಳ ಪರ ವಹಿಸಿ ನನ್ನನ್ನೇ ಬೈತಿದ್ದೆ."

"ಬೈಯದೆ? ಹುಡುಗಿ ಕೈಗೆ ಸಿಗೋ ಹಾಗೆ ಬಳೆ ಇಟ್ಟೋಳು ನೀನು."

ಹೀಗೆ ಅವಳೊಂದು ನಾನೊಂದು, ದನಿಯೇರಿಸಿ, ಕೈ ಬೀಸಿ, ನಡೆಯುತ್ತಲೇ ಇದ್ದೆವು. ಕುಮುದಳಿಗೆ ಕೊಬ್ಬರಿಮಿಠಾಯಿ ಹುಚ್ಚು ಹಿಡಿಸಿದ್ದು ಯಾರು, ಸಂಗೀತದ ಪಾಠ ಬಿಡಿಸಿದ್ದು ಯಾರು, ಒಂದೊಂದನ್ನೂ ಎಳೆದು ತಂದು ಜಗಳವಾಡಿದೆವು. ಎಷ್ಟು ಹೊತ್ತೋ ಗೊತ್ತಿಲ್ಲ. ಇದ್ದಕ್ಕಿದ್ದಂತೆ ನನ್ನ ಮೊಣಕಾಲಿಗೆ ಏನೋ ಬಡಿಯಿತು. ಮಂಚ. ತೊಲೆಗಳು ತಲೆಯ ಮೇಲೆ ಇದ್ದವು. ಕಿಟಕಿ ಕಿಟಕಿಯಷ್ಟೇ ಇತ್ತು, ಆಚೆ ಸಾವಂತ್ರಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ತಿರುಗಿ ನೋಡಿದರೆ ಬಾಗಿಲು ಅಲ್ಲೇ, ಎರಡು ಮಾರು ದೂರವೂ ಇಲ್ಲ. ದೊರೆರಾಜು ಚೌಕಟ್ಟು ಹಿಡಿದು ನಿಂತಿದ್ದ, ಅವನ ಕೆನ್ನೆ ಒದ್ದೆಯಾಗಿತ್ತು. ಬಿಚ್ಚಿದ ಟೇಪು ನಮ್ಮ ಕಾಲ ಸುತ್ತ ರಾಶಿ ಬಿದ್ದಿತ್ತು.

ಚನ್ನಾಜಿ ಕೈ ಚಾಚಿ ಗೋಡೆಯನ್ನು ಮುಟ್ಟಿದಳು. ಅಂಗೈಯನ್ನು ಅದರ ಮೇಲೆ ಊರಿ ಹಾಗೇ ಇಟ್ಟುಕೊಂಡಳು. ಗೋಡೆ ಅಲ್ಲಾಡಲಿಲ್ಲ.

ನಾನು ಹೊಸಿಲು ದಾಟಿದ್ದರಿಂದ ಅಳತೆ ಮತ್ತೊಮ್ಮೆ ಮಾಡಬೇಕಾಯಿತು. ಟೇಪು ಸುತ್ತಿಕೊಂಡು ನಾನು ಬಾಗಿಲಿಗೆ ಹೋಗಿ ನಿಂತೆ, ಅವಳು ತುದಿ ಹಿಡಿದು ಮಂಚದ ಪಕ್ಕ. ಹನ್ನೆರಡಕ್ಕೆ ಹತ್ತು. ಕುಮುದ ಇದ್ದಾಗಿನದಕ್ಕಿಂತ ಒಂದು ಕೈ ಹೆಚ್ಚೇ. ದೊರೆರಾಜು ಕೂಡಿಸಿದ.

"ಮುನ್ನೂರ ಐವತ್ತೆರಡು. ಮೂವರಿಗೂ ಆಗಿ ಮೇಲೆ ಮಿಗುತ್ತೆ. ತುಂಗಕ್ಕ, ನಿಮ್ಮ ಟ್ರಂಕು ಒಳಗಿಡಿ. ಜನ ಮೂರು ಅಂತಲೇ ಬರ್ಕೋತೀನಿ."

ನಾನು ಟ್ರಂಕಿನ ಮೇಲೇ ಕೂತುಬಿಟ್ಟೆ. ಎಲ್ಲಿಗೂ ಹೋಗುವುದು ಬೇಡ. ನನ್ನ ಲಟ್ಟಣಿಗೆ ನನ್ನ ಅಡುಗೆಮನೆಯಲ್ಲೇ ಇರುತ್ತದೆ. ಅಷ್ಟು ಸಾಕಿತ್ತು ನನಗೆ, ದೇವರಾಣೆ.

ಚನ್ನಾಜಿ ಕೋಣೆಯಿಂದ ಹೊರಗೆ ಬಂದಳು. "ಇಬ್ಬರು ಅಂತ ಬರ್ಕೊಳ್ಳಿ ದೊರೆರಾಜಣ್ಣ" ಎಂದಳು.

ಅವನು ಪೆನ್ಸಿಲ್ ಎತ್ತಿದವನು ಹಾಗೇ ನಿಂತ. "ಜಾಗ ಇದೆಯಲ್ಲಮ್ಮ. ಮೂರು ಅಂತಲೇ ಇರಲಿ ಬಿಡಿ. ಕೇಳೋರು ಯಾರು?"

"ಜಾಗ ಇದೆ ಅಂತಲೇ ಹೇಳ್ತಿರೋದು. ಇಲ್ಲದೇ ಇದ್ದಾಗ ಹೇಳೋಕೆ ನನ್ನ ಕೈಲಿ ಆಗಲಿಲ್ಲ." ಒಮ್ಮೆ ಕೋಣೆಯ ಕಡೆ ತಿರುಗಿ ನೋಡಿ ಮಾತು ಮುಗಿಸಿದಳು. "ನಾವು ಇರೋದು ಇಬ್ಬರು. ಇನ್ನೊಬ್ಬರು ಬಂದು ಇರಬಹುದು. ಯಾರ ಮನೇಲಿ ಕಡಿಮೆ ಬಿದ್ದಿದೆಯೋ ಅಲ್ಲಿಂದ ಕಳಿಸಿ."

ದೊರೆರಾಜು ಬರೆದುಕೊಂಡ. ನಾನು ಸೆರಗು ಬಾಯಿಗೆ ತುರುಕಿಕೊಂಡು ಗೊಳೋ ಎಂದು ಅತ್ತೆ. ಕುಮುದ ಸತ್ತ ದಿನವೂ ನಾನು ಹಾಗೆ ಅತ್ತಿರಲಿಲ್ಲ. ಆ ದಿನ ಚನ್ನಾಜಿಯನ್ನು ಹಿಡಿದುಕೊಳ್ಳುವುದೇ ಆಗಿತ್ತು. ಈಗ ಅವಳು ಬಂದು ನನ್ನ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ದೊರೆರಾಜು ಸದ್ದಿಲ್ಲದೆ ಟೇಪು ಜೋಬಿಗಿಳಿಸಿ ಹೊರಟುಹೋದ.

ಸಾಕಷ್ಟು ಅತ್ತ ಮೇಲೆ ಮೂಗು ಒರೆಸಿಕೊಂಡೆ. "ನನ್ನನ್ನೊಂದು ಮಾತು ಕೇಳ್ದೆ ಕಳಿಸಿ ಅಂದ್ಬಿಟ್ಟೆಯಲ್ಲ, ಯಾರು ಬರ್ತಾರೋ ಏನೋ. ಗೊರಕೆ ಹೊಡೆಯೋರು ಬಂದ್ರೆ? ನಿನ್ನ ಹಪ್ಪಳಕ್ಕೆ ಹೆಸರಿಡೋರು ಬಂದ್ರೆ?"

ಚನ್ನಾಜಿ ಆಗಲೇ ಕೋಣೆಯೊಳಗೆ ಹೋಗಿ, ಮೂರು ವರ್ಷ ಮುಟ್ಟದ ಹಾಸಿಗೆಯನ್ನು ಬಿಸಿಲಿಗೆ ಹಾಕಲು ಸುತ್ತುತ್ತಿದ್ದಳು.

"ಯಾರಾದ್ರೂ ಬರಲಿ ಅಕ್ಕ" ಎಂದಳು. "ಬದುಕಿರೋರು ಬರಲಿ."